ಸಂಚಕಾರ ಯಾರ ಕೈಗೆ

ಸಾಲಹಳ್ಳಿಯ ಕಾಡಪ್ಪ ಮುಂದೆ ಕುಳಿತು ಮಾಡಿಸಿದ ಹೊಲಮನೆಯ ವ್ಯವಹಾರ ಒಂದೂ ಕೆಟ್ಟದ್ದಿಲ್ಲ. ರಾಮದುರ್ಗದಿಂದ ಸವದತ್ತಿಯವರೆಗೆ ಯಾರು ಏನು ಕೊಳ್ಳುವುದಿದ್ದರೂ ಮೊದಲು ಅವನ ಕಟ್ಟೆಗೆ ಬರುತ್ತಿದ್ದರು. ಅವನ ರೀತಿ ಒಂದೇ. ಸಂಚಕಾರದ ಹಣ, ಅಂದರೆ ಮುಂಗಡ, ಎಲೆ ಅಡಿಕೆಯ ಮೇಲಿಟ್ಟು ಮಾಲಕನ ಅಂಗೈಗೇ ಕೊಡಬೇಕು. ನಡುವೆ ಇನ್ನೊಬ್ಬನ ಕೈ ಬರಕೂಡದು. ಹಾಗೆ ತೆಗೆದುಕೊಂಡವನು ಮಾತಿಗೆ ತಪ್ಪಿದರೆ ನಾಲ್ಕು ಮಂದಿಯಲ್ಲಿ ತಲೆ ಎತ್ತಿ ತಿರುಗಲಾರ. ಊರಲ್ಲಿ ಇದಕ್ಕಿಂತ ದೊಡ್ಡ ಕಾಯಿದೆ ಬೇಕಿರಲಿಲ್ಲ, ನಿಜ. ಆದರೆ ಊರಿನ ಕಾಯಿದೆ ಊರಿನ ಅಗಸಿ ಬಾಗಿಲವರೆಗೆ ಎಂಬುದು ಅಷ್ಟು ಜಾಣನಿಗೂ ಹೊಳೆಯಲಿಲ್ಲ.

ಮಗಳು ನಾಗರತ್ನಾ ಐರ್ಲೆಂಡಿನಲ್ಲಿ ನರ್ಸ್. ಗಂಡ ಗೌತಮ ಅಲ್ಲೇ ಬಸ್ಸು ಓಡಿಸುತ್ತಾನೆ. ಬಾಡಿಗೆ ಮನೆಯವರು ಬಿಡಿ ಎಂದಾಗಲೆಲ್ಲ ಗಂಟುಮೂಟೆ ಕಟ್ಟಿ ಸಾಕಾಗಿ, ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ ಹಣದಲ್ಲಿ ಒಂದು ಸಣ್ಣ ಮನೆ ನೋಡಿದರು.

"ಅಪ್ಪಾ, ಮುಂಗಡ ವಕೀಲರ ಖಾತೇದಾಗ ಇಡಬೇಕಂತ. ಖರೀದಿ ಮುಗಿಯೂತನಕ ಅಲ್ಲೇ ಇರತೈತಿ. ಆದ್ರ ಮಾಲಕ, ನನಗ ನೇರ ಕೊಟ್ರ ಮನಿ ಬ್ಯಾರೆದವರಿಗೆ ತೋರಸೂದಿಲ್ಲ ಅಂತಾನ. ಏನ್ ಮಾಡ್ಲಿ?" ಎಂದು ನಾಗರತ್ನಾ ಫೋನಿನಲ್ಲಿ ಕೇಳಿದಳು.

"ವಕೀಲಗೇನ ಸಂಬಂಧವಾ? ಮನಿ ಅವಂದೇನು? ಮಾಲಕನ್ನ ತೋರಸು ನನಗ" ಎಂದ ಕಾಡಪ್ಪ.

ಮೊಬೈಲಿನಲ್ಲಿ ಮಾಲಕ ಕಂಡ. ಹೆಂಡತಿ ಸತ್ತ ಮೇಲೆ ಮನೆ ಮಾರಲು ಹೊರಟ ಮುದುಕ. ನಾಗರತ್ನಾ ಹೇಳಿಕೊಟ್ಟಂತೆ ಕೈಮುಗಿದ. ಕಾಡಪ್ಪ ಆ ಮುಖವನ್ನು ಎತ್ತಿನ ಹಲ್ಲು ನೋಡಿದಷ್ಟು ಹೊತ್ತು ನೋಡಿದ. "ಮನುಷ್ಯಾ ಚಲೋ ಅದಾನ. ಅವನ ಕೈಯಾಗ ಕೊಡು" ಎಂದ.

"ಮಾವಾರ, ಇಲ್ಲಿ ಪದ್ಧತಿ ಬ್ಯಾರೆ ಐತ್ರಿ" ಎಂದು ಹಿಂದಿನಿಂದ ಗೌತಮ ಹೇಳಿದ. "ನಮ್ಮಪ್ಪನ ಮಾತು ಎಂದೂ ಸುಳ್ಳಾಗಿಲ್ಲ" ಎಂದು ನಾಗರತ್ನಾ ಗಂಡನ ಬಾಯಿ ಮುಚ್ಚಿಸಿದಳು. ಮರುದಿನ ಹಣ ಮಾಲಕನ ಖಾತೆಗೆ ಹೋಯಿತು.

ಮನುಷ್ಯ ಒಳ್ಳೆಯವನೇ ಇದ್ದ. ಸಂಕಟವೆಲ್ಲ ಅಲ್ಲೇ. ಮೋಸಗಾರನಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವನಿಗೆ ಹಳೆಯ ಸಾಲಗಳಿದ್ದವು. ಖಾತೆಗೆ ಬಿದ್ದ ಹಣವನ್ನು ಸಾಲ ಕೊಟ್ಟವರು ಕೋರ್ಟಿನ ಆದೇಶ ತಂದು ಎತ್ತಿಕೊಂಡರು, ಮನೆಯನ್ನೂ ಜಪ್ತಿ ಮಾಡಿಸಿದರು. ಅದೇ ಹಣ ವಕೀಲರ ಖಾತೆಯಲ್ಲಿದ್ದಿದ್ದರೆ ಯಾರೂ ಮುಟ್ಟುವಂತಿರಲಿಲ್ಲ. ಮುದುಕ ನಾಗರತ್ನಾಳ ಬಾಗಿಲಿಗೆ ಬಂದು ಅತ್ತು ಹೋದ. ಅತ್ತರೇನು ಬಂತು? ತಿರುಗಿ ಕೊಡಲು ಅವನ ಬಳಿ ಬಿಡಿಗಾಸೂ ಇರಲಿಲ್ಲ.

ಸುದ್ದಿ ಹೇಳುವಾಗ ನಾಗರತ್ನಾ ಅಳಲಿಲ್ಲ. "ಹೋದದ್ದು ಹೋತು ಬಿಡಪಾ. ಊಟ ಮಾಡಿದೇನು?" ಎಂದಳು. ಆ ದಿನ ಕಾಡಪ್ಪ ರೊಟ್ಟಿಯ ತಾಟನ್ನು ಆಚೆ ಸರಿಸಿದ. "ಮಂದಿಗೆಲ್ಲಾ ಮನಿ ಮಾಡಿಕೊಟ್ರಿ, ಮಗಳ ಮನಿ ಕಳದ್ರಿ" ಎಂದುಬಿಟ್ಟಳು ಹೆಂಡತಿ ರಾಚವ್ವ. ಆಡಬಾರದ್ದನ್ನು ಆಡಿದೆನೆಂದು ಆಮೇಲೆ ತಾನೂ ಉಣ್ಣಲಿಲ್ಲ.

ಕಟ್ಟೆಗೆ ಬಂದವರನ್ನೆಲ್ಲ ಕಾಡಪ್ಪ ಸಾಗಹಾಕತೊಡಗಿದ. ಹೊಲ ಮಾರಿ ಹಣ ಕಳಿಸುತ್ತೇನೆಂದು ಹೇಳಲು ಒಂದು ದಿನ ಫೋನು ಮಾಡಿದರೆ ಎತ್ತಿದವನು ಗೌತಮ.

"ಹೊಲ ಮಾರಬ್ಯಾಡ್ರಿ ಮಾವಾರ. ಒಂದು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಇನ್ನ ಮುಂದ ಆಕಿ ಏನರ ಕೇಳಿದ್ರ, ಹಿಂಗ ಮಾಡು ಅನಬ್ಯಾಡ್ರಿ. ನೀವು ಅಂದ್ರ ಆಕಿ ಮಾಡೇ ಬಿಡತಾಳ್ರಿ."

ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಕಾಡಪ್ಪ ಎದುರು ಮಾತಾಡುತ್ತಿದ್ದನೇನೋ. "ಹೂನ್ರಿ" ಎಂದ.

ಕೆಲವು ತಿಂಗಳಾದ ಮೇಲೆ ನಾಗರತ್ನಾ ಫೋನು ಮಾಡಿದಳು. ದೂರದ ಊರಿನ ಆಸ್ಪತ್ರೆಯವರು ಕೆಲಸದ ಜೊತೆ ಇರಲು ಕೋಣೆ ಕೊಡುತ್ತಾರಂತೆ, ಒಬ್ಬಳಿಗೆ ಮಾತ್ರ. ಬಾಡಿಗೆ ಉಳಿಯುತ್ತದೆ. ಆದರೆ ಗೌತಮ ಈಗಿರುವ ಊರಲ್ಲೇ ಉಳಿಯಬೇಕು. ಇತ್ತೀಚೆಗೆ ಅವರಿಬ್ಬರ ನಡುವೆ ಮಾತೂ ಕಡಿಮೆ.

"ಹೋಗಲ್ಯೋ ಬ್ಯಾಡೋ ಅಪ್ಪಾ?"

ಗಂಡನ್ನ ಬಿಟ್ಟು ಹೋಗಬ್ಯಾಡವಾ, ಹ್ವಾದ್ರ ಹೊಳ್ಳಿ ಕೂಡೂದಿಲ್ಲ ನೀವು. ಈ ಮಾತು ಕಾಡಪ್ಪನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

"ನನಗೇನ ತಿಳೀತೈತಿ ಯವ್ವಾ. ನಿನ್ನ ಗಂಡಗ ಕೇಳು."

ಹಣ ಹೋದಾಗ ಕಣ್ಣಲ್ಲಿ ನೀರು ತರದ ಮಗಳು ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ನೀನೂ ಹಿಂಗ ಅಂದ್ರ ನಾ ಯಾರಿಗೆ ಕೇಳ್ಲಿ ಅಪ್ಪಾ? ಏನರ ಹೇಳು."

ಕಾಡಪ್ಪ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕುಳಿತ. ಅಳಿಯನಿಗೆ ಹೂಂ ಅಂದಾಗಿತ್ತು.