ಇಳಿಜಾರಿನ ಮೇಲೆ ಕುಳ್ಳ

ಬಾಗಲೂರು ರಸ್ತೆಯ ಪಾರ್ಕಿನಲ್ಲಿ ಮಕ್ಕಳ ರೈಲು ಎಳೆಯುವ ಇಂಜಿನ್ನನ್ನು ಎಲ್ಲರೂ ಕುಳ್ಳ ಅಂತಲೇ ಕರೆಯುವುದು. ನ್ಯಾರೋಗೇಜ್ ಹಳಿಯ ಮೇಲೆ ಉಗಿಬಂಡಿಗಳೇ ಮೆರೆಯುತ್ತಿದ್ದ ಕಾಲಕ್ಕೆ ಬಂದ ಮೊದಮೊದಲ ಡೀಸೆಲ್‌ಗಳಲ್ಲಿ ಇದೂ ಒಂದು. ಕ್ವಾರಿಯಲ್ಲಿ ಜಲ್ಲಿ ಎಳೆಯಿತು, ಹೆಂಚಿನ ಕಾರ್ಖಾನೆಯಲ್ಲಿ ಜೇಡಿಮಣ್ಣು ಎಳೆಯಿತು. ಕಾರ್ಖಾನೆ ಮುಚ್ಚಿದ ಮೇಲೆ ಗುಜರಿಗೆ ಹೋಗಬೇಕಾಗಿದ್ದದ್ದು ಪಾರ್ಕಿನವರ ಕಣ್ಣಿಗೆ ಬಿದ್ದು ಬದುಕಿಕೊಂಡಿತು. ಕಾರ್ಖಾನೆಯಲ್ಲಿ ಅದನ್ನು ಓಡಿಸುತ್ತಿದ್ದ ತಾಜುದ್ದೀನ್ ಸಾಹೇಬರೂ ಅದರ ಬೆನ್ನಿಗೇ ಬಂದರು. ಹೆಸರು ಗಂಡಸಿನದಾದರೇನು, ಹೆಂಡತಿ ಸಬೀರಾ ಅದನ್ನು ಇವತ್ತಿಗೂ ಸವತಿ ಅಂತಲೇ ಅನ್ನುವುದು.

ಕುಳ್ಳನಿಗೆ ಸೆಲ್ಫ್ ಸ್ಟಾರ್ಟ್ ಇಲ್ಲ. ಮುಂದೆ ಕಬ್ಬಿಣದ ಹಿಡಿ ಸಿಕ್ಕಿಸಿ ಜೋರಾಗಿ ತಿರುಗಿಸಬೇಕು. ಸಾಹೇಬರ ಬಲಭುಜ ಹೋಗಿ ಎರಡು ವರ್ಷವಾಯಿತು. ತಲೆ ಬಾಚುವುದಕ್ಕೂ ಕೈ ಎತ್ತಲಾರರು. ಅದನ್ನು ಯಾರಿಗಾದರೂ ಹೇಳಿದರೆ ತಾನೆ? ಸಂಜೆ ಕೊನೆಯ ಸುತ್ತು ಮುಗಿಸಿ ಇಂಜಿನ್ನನ್ನು ದಿಬ್ಬದ ಮೇಲೆ ನಿಲ್ಲಿಸಿ ಚಕ್ರಕ್ಕೆ ಮರದ ತುಂಡು ಕೊಡುತ್ತಿದ್ದರು. ಬೆಳಿಗ್ಗೆ ತುಂಡು ತೆಗೆದು, ಇಳಿಜಾರಲ್ಲಿ ಉರುಳಲು ಬಿಟ್ಟು ಗೇರಿಗೆ ಹಾಕಿದರೆ ಕುಳ್ಳ ಕೆಮ್ಮುತ್ತಾ ಎದ್ದೇಳುತ್ತಿತ್ತು. ಹಳೇ ಸ್ಕೂಟರ್ ತಳ್ಳಿ ಸ್ಟಾರ್ಟ್ ಮಾಡುತ್ತಾರಲ್ಲ, ಹಾಗೆ. ಅಲ್ಲಿ ಯಾಕೆ ನಿಲ್ಲಿಸ್ತೀರಿ ಅಂತ ಕೇಳಿದವರಿಗೆ, "ಮೇಲೆ ಗಾಳಿ ಚೆನ್ನಾಗಿದೆ ಕಣ್ರೀ, ಇಂಜಿನ್‌ಗೂ ಬೇಕಲ್ವಾ" ಅನ್ನುತ್ತಿದ್ದರು.

ಗುಟ್ಟು ರಟ್ಟಾದದ್ದು ಆಯುಧಪೂಜೆಯ ದಿನ. ಬ್ಯಾಟರಿ ಇಂಜಿನ್ ತರಬೇಕೋ ಬೇಡವೋ ಅಂತ ಪಾರ್ಕಿನ ಒಡತಿ ಸ್ನೇಹಾ ಅವತ್ತೇ ತೀರ್ಮಾನ ಮಾಡುವವಳಿದ್ದಳು. ತಂದರೆ ಕುಳ್ಳನಿಗೆ ಬಣ್ಣ ಬಳಿದು, ಸೆಲ್ಫಿ ತೆಗೆಯುವವರಿಗೆ ಅಂತ ಮೂಲೆಯಲ್ಲಿ ನಿಲ್ಲಿಸುವುದು. ಆ ಮಾತು ಕಿವಿಗೆ ಬಿದ್ದಾಗಿನಿಂದ ಸಾಹೇಬರಿಗೆ ಊಟ ಸೇರುತ್ತಿರಲಿಲ್ಲ.

ಹಳಿ ನೋಡಿಕೊಳ್ಳುವ ವೀರಬಸಪ್ಪ ಗದಗದ ಕಡೆಯವನು. ರಜೆಯ ದಿನಗಳಲ್ಲಿ ಸಾಹೇಬರ ಪಕ್ಕ ಕೂತು ಇಂಜಿನ್ ಓಡಿಸಿಯೂ ಇದ್ದ. ತೊಳೆಯದ ಬಂಡಿಗೆ ಪೂಜೆ ಮಾಡುವುದುಂಟೇ? ಬೆಳಗಾಗುತ್ತಲೇ ಮಾಲಿಗಳನ್ನು ಸೇರಿಸಿಕೊಂಡು, ಕುಳ್ಳನನ್ನು ಮೆಲ್ಲಗೆ ದಿಬ್ಬದಿಂದ ಇಳಿಸಿ ನಲ್ಲಿಯ ಹತ್ತಿರ, ಸಪಾಟು ಜಾಗದಲ್ಲಿ ನಿಲ್ಲಿಸಿದ. ತಿಕ್ಕಿ ತೊಳೆದು, ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟ. ಮದುವೆ ಗಂಡಿನ ಹಾಗೆ ನಿಂತ ಕುಳ್ಳನನ್ನು ಕಂಡು ಸಾಹೇಬರು ಖಾಲಿ ದಿಬ್ಬದ ಕಡೆ ನೋಡಿದರು.

"ಹೆಂಗೈತ್ರಿ ಸಾಹೇಬ್ರ?" ಅಂದ ವೀರಬಸಪ್ಪ, ಹಲ್ಲು ಬಿಟ್ಟು.

ಬೈಯಲು ಬಾಯಿ ತೆರೆದರು. ಏನಂತ ಬೈಯುವುದು?

ಮಂಗಳಾರತಿಯಾಯಿತು, ಕುಂಬಳಕಾಯಿ ಒಡೆದರು, ಡಬ್ಬಿಗಳಲ್ಲಿ ಮಕ್ಕಳು ತುಂಬಿದರು. "ಹೊರಡೋಣ್ವಾ ಅಂಕಲ್?" ಅಂದಳು ಸ್ನೇಹಾ. ಸಾಹೇಬರು ಹಿಡಿ ಸಿಕ್ಕಿಸಿ ಎಡಗೈಯಲ್ಲಿ ತಿರುಗಿಸಿದರು, ಇಂಜಿನ್ ಮಿಸುಕಲಿಲ್ಲ. ಬಲಗೈ ಹಾಕಿದರು, ಕಣ್ಣಿಗೆ ಕತ್ತಲೆ ಬಂತು. ಮಕ್ಕಳ ಅಪ್ಪಂದಿರು ಮೊಬೈಲ್ ಎತ್ತಿ ಹಿಡಿದು ಕಾಯುತ್ತಿದ್ದರು.

"ವಯಸ್ಸಾಯ್ತು ಮೇಡಂ ಇದಕ್ಕೆ," ಅಂದುಬಿಟ್ಟರು ಸಾಹೇಬರು. "ಇನ್ನು ಏಳಲ್ಲ."

"ನಾನೂ ಅದೇ ಅಂದ್ಕೊಂಡೆ. ಪರ್ವಾಗಿಲ್ಲ, ಬ್ಯಾಟರಿದೇ ಆರ್ಡರ್ ಮಾಡ್ತೀನಿ. ನೀವೇ ಓಡಿಸೋರಂತೆ, ಬಟನ್ ಒತ್ತಿದ್ರೆ ಆಯ್ತು."

ಅವಳು ಫೋನ್ ತೆಗೆದಳು. ಸಾಹೇಬರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಅರ್ಧ ಆಯಸ್ಸು ತಮಗೆ ಅನ್ನ ಹಾಕಿದ ಇಂಜಿನ್ನಿನ ಮೇಲೆ ಚಾಡಿ ಹೇಳಿದ್ದರು, ಅದೂ ಅದರ ಎದುರಿಗೇ ನಿಂತು.

"ಸುಳ್ಳು ಹೇಳ್ದೆ ಮೇಡಂ. ಅದಕ್ಕೇನೂ ಆಗಿಲ್ಲ, ಹೋಗಿರೋದು ನನ್ ಭುಜ. ದಿನಾ ದಿಬ್ಬದಿಂದ ಉರುಳಿಸಿ ಸ್ಟಾರ್ಟ್ ಮಾಡ್ತಿದ್ದೆ." ಹಿಡಿಯನ್ನು ವೀರಬಸಪ್ಪನ ಕೈಗಿಟ್ಟರು. "ತಿರುಗ್ಸಪ್ಪಾ. ಹೆಬ್ಬೆರಳು ಸುತ್ತಿ ಹಿಡೀಬೇಡ, ಹಿಡಿ ವಾಪಸ್ ಒದ್ರೆ ಮುರಿಯುತ್ತೆ."

ಎರಡನೇ ಸುತ್ತಿಗೇ ಕುಳ್ಳ ಕಪ್ಪು ಹೊಗೆ ಉಗುಳಿ ಎದ್ದ. ಮಕ್ಕಳು ಹೋ ಎಂದು ಕಿರುಚಿದರು.

ಸ್ನೇಹಾ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. ಮೆಲ್ಲಗೆ ಕೇಳಿದಳು: "ಬ್ರೇಕೂ ಅದೇ ಕೈಯಲ್ಲಿ ತಾನೆ ಅಂಕಲ್ ಹಾಕೋದು?"

ಸಾಹೇಬರು ಎಡಗೈಯಿಂದ ಬಲಭುಜ ಹಿಡಿದುಕೊಂಡರು.

"ಇಂಜಿನ್ ಇರ್ಲಿ. ಇನ್ಮೇಲೆ ವೀರಬಸಪ್ಪ ಓಡಿಸ್ಲಿ. ಮಕ್ಕಳನ್ನ ಇಳಿಸಿ, ಮೊದಲು ಖಾಲಿ ಸುತ್ತು ಹೋಗ್ಬರ್ಲಿ," ಅಂದಳು ಸ್ನೇಹಾ.

ವೀರಬಸಪ್ಪ ಒಲ್ಲೆ ಒಲ್ಲೆ ಅಂದ. ಸಾಹೇಬರೇ ಅವನನ್ನು ಬೈದು ಹತ್ತಿಸಿದರು. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ರೈಲು ಹೊರಟಿತು. ಇಷ್ಟು ವರ್ಷಗಳಲ್ಲಿ ತಾವಿಲ್ಲದೆ ಅದು ಹೋಗುವುದನ್ನು ಅವರು ನೋಡಿದ್ದು ಇದೇ ಮೊದಲು. ದೂರದಿಂದ ಅದು ಅಷ್ಟು ಚಿಕ್ಕದಾಗಿ ಕಾಣುತ್ತದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.