ಮನುಷ್ಯರಿಲ್ಲದ ಟೋಲ್‌ಗೇಟು

ಹಗಲು ಹನ್ನೆರಡಾಗುವ ಹೊತ್ತಿಗೆ ಚಿಲ್ಲರೆಯಕ್ಕನಿಗೆ ಮೊಣಕಾಲಿನ ಕೆಳಗೆ ಕಾಲಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕಾದ ಡಾಂಬರಿನ ಮೇಲೆ ಬೆಳಿಗ್ಗೆ ಆರರಿಂದ ನಿಂತ ಕಾಲು. ಕಾರಿನ ಗಾಜಿಗೆ ಅಂಟಿಸಿದ ಚೀಟಿಯನ್ನು ಮೇಲಿನ ಯಂತ್ರ ಓದಿದರೆ ಅಡ್ಡಗೋಲು ತಾನಾಗಿ ಏಳಬೇಕು. ಹತ್ತರಲ್ಲಿ ಮೂರು ಸಲ ಅದು ಓದುತ್ತಿರಲಿಲ್ಲ. ಆಗ ಇವಳು ಕೈಯಲ್ಲಿನ ಪುಟ್ಟ ಯಂತ್ರ ಹಿಡಿದು ಓಡಿ, ಗಾಜಿಗೆ ತೋರಿಸಿ, ಗೋಲು ಎಬ್ಬಿಸಬೇಕು.

ಹನ್ನೊಂದು ವರ್ಷ ಇದೇ ಗೇಟಿನ ಗೂಡಿನೊಳಗೆ ಕೂತು ದುಡ್ಡು ತೆಗೆದುಕೊಂಡವಳು. ಎಂಥ ನೋಟು ಕೊಟ್ಟರೂ ಚಿಲ್ಲರೆ ಇಲ್ಲ ಎಂದವಳಲ್ಲ. ಹೆಸರು ಹಾಗೆ ಬಂತು. ಯಂತ್ರ ಬಂದಮೇಲೆ ಗೂಡು ಕಿತ್ತರು. ಕುರ್ಚಿ ಹೋಯಿತು, ನೆರಳೂ ಹೋಯಿತು. ಸೂಪರ್‌ವೈಸರ್ ಒಂದು ಕಾಗದ ಹಿಡಿದು ಬಂದ. ಅಂಗಿಯ ಮಡಿಕೆ ಎಂದೂ ಮುರಿಯದ ಅವನನ್ನು ಹೆಂಗಸರು ಇಸ್ತ್ರಿ ಅನ್ನುತ್ತಿದ್ದರು.

"ಸಹಿ ಹಾಕಿ. ಸುಮ್ನೆ ಲೆಕ್ಕಕ್ಕೆ. ಕೆಲಸ ಏನೂ ಹೋಗಲ್ಲ," ಅಂದ.

ಕೆಲಸ ಹೋಗಲಿಲ್ಲ, ನಿಜ. ಹಾಜರಿ ಪುಸ್ತಕದಿಂದ ಆರು ಹೆಂಗಸರ ಹೆಸರು ಹೋಯಿತು. ತಾವಾಗಿಯೇ ಕೆಲಸ ಬಿಟ್ಟಿದ್ದೇವೆ ಎಂದು ಆ ಕಾಗದದಲ್ಲಿ ಬರೆದಿತ್ತು. ದಿನಗೂಲಿ ಮಾತ್ರ ಕೈಯಿಂದ ಕೈಗೆ. ಮನುಷ್ಯರಿಲ್ಲದ ಗೇಟಿಗೆ ಕಕ್ಕಸು ಯಾಕೆ ಎಂದು ಅದಕ್ಕೂ ಬೀಗ ಬಿತ್ತು. ಆರೂ ಜನ ನೀರು ಕುಡಿಯುವುದನ್ನೇ ಬಿಟ್ಟರು.

"ದಿನಾ ಮೂರು ಲೀಟರ್ ಕುಡೀಬೇಕಂತೆ, ಡಾಕ್ಟ್ರು ಹೇಳಿದ್ರು," ಎಂದು ಓರಗಿತ್ತಿ ಒಮ್ಮೆ ನಕ್ಕಿದ್ದಳು. "ಆಮೇಲೆ ನಿಮ್ಮನೆಗೇ ಬರ್ಲಾ ಅಂತ ಕೇಳ್ಬೇಕಿತ್ತು."

ಈ ಓರಗಿತ್ತಿ, ಮೈದುನನ ಹೆಂಡತಿ, ಪಕ್ಕದ ಸಾಲಿನಲ್ಲಿ ನಿಲ್ಲುತ್ತಿದ್ದಳು. ಒಂದು ಮಂಗಳವಾರ, ಗೋಲು ಎದ್ದೇ ಏಳುತ್ತದೆಂದು ನಂಬಿ ಬಂದ ಕಾರೊಂದು ನಿಲ್ಲಲಿಲ್ಲ. ಅವಳ ಬಲಪಾದದ ಮೇಲೆ ಹತ್ತಿ ಇಳಿಯಿತು.

ಆಸ್ಪತ್ರೆಯಲ್ಲಿ ಬರೆದುಕೊಳ್ಳುವವನು ಕೇಳಿದ, "ಎಲ್ಲಿ ಕೆಲಸ ಮಾಡ್ತಿದ್ರು?"

ಚಿಲ್ಲರೆಯಕ್ಕ ಬಾಯಿ ತೆರೆಯುವ ಮೊದಲೇ ಇಸ್ತ್ರಿ, "ಕೆಲಸ ಏನಿಲ್ಲ ಸಾರ್. ರಸ್ತೆ ದಾಟ್ತಾ ಇದ್ರು," ಅಂದ.

ಚಿಲ್ಲರೆಯಕ್ಕ ಸುಮ್ಮನಿದ್ದಳು. ಯಾಕೆ ಸುಮ್ಮನಿದ್ರಿ ಎಂದು ಮನೆಯಲ್ಲಿ ಮೈದುನ ಕೇಳಿದಾಗ ಎದ್ದು ಒಲೆ ಹಚ್ಚಿದಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಓರಗಿತ್ತಿಯ ಬಲಗಾಲಿನ ಮೂರು ಬೆರಳು ತೆಗೆದರು. ಅವತ್ತೂ ಇವಳು ಬೆಳಿಗ್ಗೆ ಆರಕ್ಕೆ ಹೋಗಿ ನಿಂತಳು.

ತಿಂಗಳ ಮೇಲೆ ಯಂತ್ರದ ಗೇಟಿನ ಉದ್ಘಾಟನೆಗೆ ಮಂತ್ರಿ ಬಂದರು. ಶಾಮಿಯಾನ, ಹೂವು, ಕ್ಯಾಮೆರಾ. ಉಳಿದ ಐವರನ್ನು ಇಸ್ತ್ರಿ ಜನರೇಟರ್ ಶೆಡ್ಡಿನೊಳಗೆ ಕೂರಿಸಿದ.

"ಒಂದು ಗಂಟೆ ಅಷ್ಟೇ. ಕೆಮ್ಮೋದೂ ಬೇಡ."

ತಗಡಿನಾಚೆಯಿಂದ ಮೈಕು ಕೇಳುತ್ತಿತ್ತು. "ದುಡ್ಡು ತಗೊಳ್ಳೋಕೆ, ಗೇಟು ತೆಗೆಯೋಕೆ ಇಲ್ಲಿ ಒಂದು ನರಪಿಳ್ಳೆಯೂ ಇಲ್ಲ! ಎಲ್ಲ ಯಂತ್ರವೇ!" ಚಪ್ಪಾಳೆ ಬಿತ್ತು. ಡೀಸೆಲ್ ವಾಸನೆಯಲ್ಲಿ ಐವರೂ ಮುಖ ಮುಖ ನೋಡಿಕೊಂಡರು.

"ನನ್ನ ಚಿವುಟೇ, ಇದೀನಾ ನೋಡೋಣ," ಎಂದಳೊಬ್ಬಳು.

ಮಂತ್ರಿಯ ಕಾರಿಗೆ ಗೋಲು ಎದ್ದಿತು. ಹಿಂದಿನ ಕಾರಿಗೆ ಏಳಲಿಲ್ಲ. ಪಕ್ಕದ ಸಾಲಿನಲ್ಲೂ ಏಳಲಿಲ್ಲ. ಹಾರನ್ನುಗಳು ಶುರುವಾದವು. ಇಸ್ತ್ರಿ ಓಡಿ ಬಂದು ಬಾಗಿಲು ತೆಗೆದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಏಳಿ, ಏಳಿ! ಟೋಲಿನ ಮೇಲಂಗಿ ಬಿಚ್ಚಿಡಿ. ದಾರಿಹೋಕರ ಥರ ಹೋಗಿ ಗೋಲು ಎತ್ತಿ."

ಒಬ್ಬಳು ಏಳಹೊರಟಳು. ಚಿಲ್ಲರೆಯಕ್ಕ ಅವಳ ಕೈ ಹಿಡಿದು ಕೂರಿಸಿದಳು.

"ಹಾಜರಿ ಪುಸ್ತಕ ತನ್ನಿ ಸಾರ್."

"ಏನು?"

"ಆರು ಹೆಸರು ಬರೀರಿ. ಮನೇಲಿ ಮಲಗಿರೋಳದ್ದೂ. ಆ ಮಂಗಳವಾರ ಅವಳು ಕೆಲಸದ ಮೇಲಿದ್ಲು ಅಂತ ಬರೀರಿ."

"ತಲೆ ಕೆಟ್ಟಿದೆಯಾ? ಇದಾ ಸಮಯ? ನನ್ನ ಕೈಲೇನಿದೆ?"

"ಯಾರ ಕೈಲಿದೆಯೋ ಅವ್ರನ್ನ ಕರ್ಕೊಂಡು ಬನ್ನಿ. ಕೂತಿರ್ತೀವಿ."

ಬೆದರಿಸಿದ. ಕೈ ಮುಗಿದ. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಐವರೂ ಅಲ್ಲಾಡಲಿಲ್ಲ. ಕೊನೆಗೆ ಅವನೇ ಹೋಗಿ, ಅಷ್ಟೂ ಕ್ಯಾಮೆರಾಗಳ ಎದುರು, ಎರಡು ಕೈಯಲ್ಲಿ ಗೋಲು ಎತ್ತಿ ಹಿಡಿದು ನಿಂತ.

ಸಂಜೆಗೆ ಐವರನ್ನೂ ಮನೆಗೆ ಕಳಿಸಿದರು. ಕೆಲಸದಲ್ಲೇ ಇಲ್ಲದವರನ್ನು ತೆಗೆಯಲು ಎಷ್ಟು ಹೊತ್ತು? ಪತ್ರಿಕೆಯಲ್ಲಿ ಮಂತ್ರಿಯ ಚಿತ್ರ ಬಂತು. ಗೋಲು ಹಿಡಿದವನದು ಬರಲಿಲ್ಲ. ವಾರದೊಳಗೆ ಬೇರೆ ಆರು ಹೆಂಗಸರು ಬಿಸಿಲಿಗೆ ಬಂದು ನಿಂತರು.

ಚಿಲ್ಲರೆಯಕ್ಕ ಹೋಗಿ ಅವರಲ್ಲೊಬ್ಬಳ ಪಕ್ಕ ನಿಂತಳು.

"ನಿನ್ನ ಹೆಸರು ಪುಸ್ತಕದಲ್ಲಿ ಬರ್ಕೊಂಡಿದಾರಾ?"

"ನೀವ್ಯಾರು? ಮಾತಾಡ್ಬೇಡಿ, ಕ್ಯಾಮೆರಾ ಇದೆ."

"ನೋಡ್ಕೊಳ್ಲಿ. ಐದು ಗಂಟೆಗೆ ಸೇತುವೆ ಕೆಳಗಿರ್ತೀವಿ. ಉಳಿದವ್ರಿಗೂ ಹೇಳು."

ಲಾರಿಯವನು ಹಾರನ್ ಹೊಡೆದ. ಹೆಂಗಸು ಪುಟ್ಟ ಯಂತ್ರ ಹಿಡಿದು ಓಡಿದಳು.

ಐದಕ್ಕೆ ಚಿಲ್ಲರೆಯಕ್ಕನೂ ಓರಗಿತ್ತಿಯೂ ಸೇತುವೆಯ ಕೆಳಗೆ ಕೂತಿದ್ದರು. ಐದೂಕಾಲಿಗೆ ನಾಲ್ವರು ಬಂದರು. ಬಂದು, ಕೂರಬೇಕೋ ಬೇಡವೋ ತಿಳಿಯದೆ ನಿಂತರು.

"ಏನಂತೆ? ಬೇಗ ಹೇಳಿ," ಎಂದಳು ಒಬ್ಬಳು.

ಓರಗಿತ್ತಿ ಬಲಗಾಲಿನ ಕಾಲುಚೀಲ ಬಿಚ್ಚತೊಡಗಿದಳು.