ಬೆನ್ನು ತಿರುಗಿಸುವ ಪಾಠ

ನೆಲಕ್ಕೆ ತೂತು ಕೊರೆಯುವವರು ಇನ್ನೂ ಹುಟ್ಟಿರದ ಕಾಲ ಒಂದಿತ್ತಂತೆ. ಆಗ ನೆಲದ ಹೊಟ್ಟೆಯೊಳಗೆ ಒಬ್ಬಳು ಮಲಗಿದ್ದಳಂತೆ. ಅವಳಿಗೆ ಬಣ್ಣವಿಲ್ಲ, ನೆರಳಿಲ್ಲ, ಹೆಜ್ಜೆಯ ಸದ್ದಿಲ್ಲ. ಮೈ ಮಾತ್ರ ಗಾಳಿಗಿಂತ ಭಾರ. ಹಾಗಾಗಿ ಎದ್ದು ಹೊರಗೆ ಬಂದಾಗಲೂ ನೆಲ ಹಿಡಿದೇ ತೆವಳುತ್ತಿದ್ದಳು, ಗುಂಡಿ ಕಂಡಲ್ಲಿ ಕಾಲು ಚಾಚಿ ಕೂತುಬಿಡುತ್ತಿದ್ದಳು. ಮೊದಮೊದಲು ಅವಳು ಬಂದರೆ ಕೊಳೆತ ಮೊಟ್ಟೆಯ ನಾತ ಮುಂದೆ ಬರುತ್ತಿತ್ತು. ಜನ ಮೂಗು ಮುಚ್ಚಿಕೊಂಡು ಓಡಿಹೋಗುತ್ತಿದ್ದರು. ಅವಳಿಗೆ ಅವಮಾನವಾಯಿತು. ಆಗ ಒಂದು ಉಪಾಯ ಕಲಿತಳು. ಯಾರ ಹತ್ತಿರ ಹೋದರೂ ಮೊದಲು ಅವರ ಮೂಗನ್ನು ಕಸಿದುಕೊಳ್ಳುವುದು. ನಾತ ಹೋಯಿತು, ಅವಳೂ ಹೋದಳು ಎಂದುಕೊಂಡು ಜನ ನಿಟ್ಟುಸಿರು ಬಿಡುತ್ತಿದ್ದರು. ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳುವಷ್ಟರಲ್ಲಿ ಅವಳು ಅವರೊಳಗೇ ಇರುತ್ತಿದ್ದಳು.

"ಆಮೇಲೆ ಅಜ್ಜಿ?"

"ಆಮೇಲೆ ಇನ್ನೇನು, ಮಡಿಲಲ್ಲಿ ಮಲಗಿಸ್ಕೊಳ್ತಾಳೆ. ಅವಳಿಗೆ ಸ್ವಂತ ದನಿ ಇಲ್ಲ ನೋಡು. ಮಡಿಲಲ್ಲಿ ಮಲಗಿರೋರ ದನಿ ಇಸ್ಕೊಂಡು ಹೊರಗಿರೋರನ್ನ ಕರೀತಾಳೆ. ಒಬ್ಬರ ಹಿಂದೆ ಒಬ್ಬರು ಹೋಗ್ತಾನೇ ಇರ್ತಾರೆ."

ಎಣ್ಣೆಬಾವಿಗಳ ಕೆಲಸಗಾರರಿಗೆಂದು ಕಟ್ಟಿದ ಮನೆಗಳ ಸಾಲಿನಲ್ಲಿ ನಮ್ಮದೂ ಒಂದು. ತಾತ ಅಲ್ಲಿಯೇ ದುಡಿದು ಕೇಳಿ ತಿಳಿದದ್ದನ್ನು ಅಜ್ಜಿ ಕಥೆ ಮಾಡಿ ಹೇಳುತ್ತಿದ್ದಳು. ನಾವು ಮಕ್ಕಳು ಪೈಪುಗಳ ಪಕ್ಕದ ಗುಂಡಿಗಳಿಗೆ ಇಳಿಯಬಾರದು, ಅಷ್ಟೇ ಅವಳ ಉದ್ದೇಶ. ದೂರದಲ್ಲಿ, ಹೆಚ್ಚಾದ ಅನಿಲ ಸುಡುವ ಎತ್ತರದ ಕೊಳವೆಯ ತುದಿಯಲ್ಲಿ ಯಾವಾಗಲೂ ಬೆಂಕಿ ಉರಿಯುತ್ತಿತ್ತು. ಅದರ ಬೆಳಕು ನಮ್ಮ ಗೋಡೆಯ ಮೇಲೆ ಅಲುಗಾಡಿದಾಗಲೆಲ್ಲ ಅವಳು ಬಂದಳೇನೋ ಎಂದು ನಾನು ಚಾದರದೊಳಗೆ ಮೂಗು ಹಿಡಿದುಕೊಂಡು ಮಲಗುತ್ತಿದ್ದೆ.

ದೊಡ್ಡವಳಾಗಿ, ವಿಷಾನಿಲದಿಂದ ಪಾರಾಗುವುದನ್ನು ಕೆಲಸಗಾರರಿಗೆ ಕಲಿಸುವ ತರಬೇತಿ ಕೇಂದ್ರದಲ್ಲಿ ಸಹಾಯಕಿಯಾಗಿ ಸೇರಿದೆ. ಅಲ್ಲಿ ಪಾಠ ಹೇಳುವವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಮೊದಲ ದಿನ ಅವರ ಪಾಠ ಕೇಳುತ್ತ ನನ್ನ ತೋಳಿನ ರೋಮ ಎದ್ದು ನಿಂತಿತ್ತು. ಗಾಳಿಗಿಂತ ಭಾರ. ತಗ್ಗಿನಲ್ಲಿ ಕೂರುತ್ತದೆ. ಮೊದಲು ಕೊಳೆತ ಮೊಟ್ಟೆ, ಆಮೇಲೆ ವಾಸನೆಯೇ ತಿಳಿಯದಂತೆ ಮೂಗು ಸಾಯುತ್ತದೆ, ಆಮೇಲೆ ಮನುಷ್ಯ. ಅಜ್ಜಿಯ ಕಥೆಯಲ್ಲಿದ್ದದ್ದೆಲ್ಲ ಇತ್ತು. ಆ ದನಿಯೊಂದು ಮಾತ್ರ ಪಾಠದಲ್ಲಿರಲಿಲ್ಲ.

ಗೋಡೌನಿನ ಹಿಂದೆ ಒಂದರ ಮೇಲೊಂದು ಕೂರಿಸಿದ ಎರಡು ಹಳೆಯ ಕಂಟೇನರುಗಳೇ ನಮ್ಮ ಅಭ್ಯಾಸದ ಕೋಣೆ. ಹೊರಗಿನ ಮೆಟ್ಟಿಲು ಹತ್ತಿ ಹೋಗುವ ಮೇಲಿನದರ ನೆಲಕ್ಕೆ ಬಾಯಿ ಕೊರೆದು ಕೆಳಗಿನದಕ್ಕೆ ಏಣಿ ಇಳಿಬಿಟ್ಟಿದ್ದರು. ಕೆಳಗೆ ಕೆಂಪು ದೀಪ, ಹೊಗೆ ಉಗುಳುವ ಯಂತ್ರ. ಆ ಹೊಗೆಯಿಂದ ಯಾವ ಅಪಾಯವೂ ಇಲ್ಲ, ಸುಟ್ಟ ಸಕ್ಕರೆಯ ವಾಸನೆ ಬರುತ್ತದೆ, ಅಷ್ಟೇ. ಹೊಗೆಯ ಮಧ್ಯೆ ಮರಳು ತುಂಬಿದ ಕ್ಯಾನ್ವಾಸಿನ ಆಳೆತ್ತರದ ಗೊಂಬೆಯೊಂದು ಕೆಲಸಗಾರರ ಹಳೆಯ ಡಾಂಗ್ರಿ ಉಡುಪು ತೊಟ್ಟು ಬಿದ್ದಿರುತ್ತದೆ. ಕಲಿಯಲು ಬಂದವರು ಅದಕ್ಕೆ ಇಟ್ಟ ಹೆಸರು ಭಾವ.

"ಮನೆಗೆ ಬಂದ ಭಾವನ ಥರಾನೇ ಮೇಡಂ. ಬಿದ್ದಲ್ಲೇ ಬಿದ್ದಿರ್ತಾನೆ, ಎತ್ತೋದು ಇಳಿಸೋದು ಎಲ್ಲ ನಾವೇ."

ಮೇಷ್ಟ್ರು ಪ್ರತಿಯೊಬ್ಬನ ಕೆನ್ನೆಯ ಮೇಲೂ ಹೆಬ್ಬೆರಳು ಎಳೆದು ನೋಡುತ್ತಿದ್ದರು. "ಇದೇನಪ್ಪಾ ಹುಲ್ಲುಗಾವಲು? ಮಾಸ್ಕ್ ಕೂರಲ್ಲ. ಬೋಳಿಸ್ಕೊಂಡು ಬಾ."

"ಮದುವೆ ಗೊತ್ತಾಗಿದೆ ಮೇಷ್ಟ್ರೇ. ಹುಡುಗಿಗೆ ಗಡ್ಡ ಇಷ್ಟ."

"ಹುಡುಗಿಗೆ ಗಂಡನೂ ಇಷ್ಟ ಇರಬಹುದಲ್ಲಪ್ಪಾ?"

ನಗು ನಿಂತ ಮೇಲೆ ಅವರು ಪಾಠದ ಮುಖ್ಯ ಮಾತು ಹೇಳುತ್ತಿದ್ದರು. ಜೊತೆಯವನು ಬಿದ್ದದ್ದು ಕಂಡರೆ ಮೊದಲು ಬೆನ್ನು ತಿರುಗಿಸಬೇಕು. ಗಾಳಿ ಎತ್ತಲಿಂದ ಬರುತ್ತಿದೆ ನೋಡಿ ಅತ್ತ ನಡೆಯಬೇಕು. ಕೂಗಿ ಹೇಳಬೇಕು. ಮಾಸ್ಕ್ ಹಾಕಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಇನ್ನೊಬ್ಬನನ್ನು ಕರೆದುಕೊಂಡು ಆಮೇಲೆ ಹೋಗಬೇಕು. "ಬರೀ ಮುಖದಲ್ಲಿ ಓಡಿದೋನು ಕಾಪಾಡೋನಲ್ಲ. ಎರಡನೇ ಹೆಣ."

ನನ್ನ ಚಿಕ್ಕಪ್ಪ ಬಾವಿಯ ಕಡೆ ವಾಲ್ವ್ ನೋಡಿಕೊಳ್ಳುವವನು. ಅವನ ಜೊತೆ ಕೆಲಸ ಮಾಡುತ್ತಿದ್ದವನನ್ನು ಉದ್ದಣ್ಣ ಎಂದೇ ಎಲ್ಲರೂ ಕರೆಯುತ್ತಿದ್ದರು. ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸುವಷ್ಟು ಎತ್ತರ. ಅವನು ಚಿಕ್ಕಪ್ಪನನ್ನು ಕರೆಯುತ್ತಿದ್ದದ್ದು ಕುಳ್ಳ ಎಂದು. ಬೇರೆ ಯಾರಾದರೂ ಹಾಗೆ ಕರೆದಿದ್ದರೆ ಚಿಕ್ಕಪ್ಪ ಸುಮ್ಮನಿರುತ್ತಿರಲಿಲ್ಲ. ಹೋದ ವರ್ಷ ಎಣ್ಣೆಯ ತೊಟ್ಟಿಯ ಪಕ್ಕದ ಗುಂಡಿಗೆ ಇಳಿದ ಉದ್ದಣ್ಣ ನಿಂತಲ್ಲೇ ಕುಸಿದ. ಮೇಲೆ ನಿಂತಿದ್ದ ಚಿಕ್ಕಪ್ಪ ಕಲಿತದ್ದನ್ನು ಒಂದೂ ತಪ್ಪದೆ ಮಾಡಿದ. ಬೆನ್ನು ತಿರುಗಿಸಿದ, ಕೂಗಿದ, ಮಾಸ್ಕ್ ಹಾಕಿಕೊಂಡು ಇನ್ನೊಬ್ಬನ ಜೊತೆ ಬಂದು ಇಳಿದ. ಅಷ್ಟರಲ್ಲಿ ಉದ್ದಣ್ಣ ಹೋಗಿಬಿಟ್ಟಿದ್ದ. ವಿಚಾರಣೆಗೆ ಬಂದವರೆಲ್ಲ ಚಿಕ್ಕಪ್ಪನ ಬೆನ್ನು ತಟ್ಟಿದರು. ಆ ತಟ್ಟಿಸಿಕೊಂಡ ಬೆನ್ನನ್ನು ಅವನು ಆಮೇಲೆ ಗೋಡೆಗೆ ಒತ್ತಿಕೊಂಡೇ ಕೂರುತ್ತಿದ್ದ. "ಅವನು ಬಿದ್ದ, ನಾನು ಬೆನ್ನು ತಿರುಗಿಸಿದೆ" ಎನ್ನುವುದು ಬಿಟ್ಟರೆ ಆ ದಿನದ ಬಗ್ಗೆ ಅವನ ಬಾಯಲ್ಲಿ ಬೇರೆ ಮಾತಿರಲಿಲ್ಲ.

ಈಗ ಮತ್ತೆ ಕೆಲಸಕ್ಕೆ ಹೊರಟಿದ್ದ. ಮರುತರಬೇತಿ ಪಾಸಾಗದೆ ಗೇಟಿನೊಳಗೆ ಬಿಡುವುದಿಲ್ಲ. ಅದಕ್ಕಾಗಿ ಅವನು ನಮ್ಮ ಕೇಂದ್ರಕ್ಕೆ ಬರುವ ಹಿಂದಿನ ಸಂಜೆ ಅಜ್ಜಿ ತರಕಾರಿ ಹೆಚ್ಚುತ್ತ ನನ್ನನ್ನು ಹತ್ತಿರ ಕರೆದಳು.

"ಅವನು ಕೆಲಸಕ್ಕಲ್ಲ ಕಣೇ ಹೋಗ್ತಿರೋದು. ಆ ಗುಂಡಿ ಹುಡ್ಕೊಂಡು ಹೋಗ್ತಿದ್ದಾನೆ. ಇನ್ನೊಬ್ಬ ಬಿದ್ರೆ ಹಿಂದೆಮುಂದೆ ನೋಡದೆ ಹಾರ್ತಾನೆ. ಹೆತ್ತೋಳಿಗೆ ಗೊತ್ತಾಗಲ್ವಾ?"

"ಹಾಗೆಲ್ಲ ಅನ್ಬೇಡ ಅಜ್ಜಿ."

"ಅನ್ನಲ್ಲ. ನನ್ನ ಮಗನಿಗೆ ಬೆನ್ನು ತಿರುಗಿಸೋದು ಕಲಿಸ್ತೀನಿ ಅಂತ ಮಾತು ಕೊಡು."

ಅವಳು ಚಾಕು ಕೆಳಗಿಟ್ಟು ಅಂಗೈ ಚಾಚಿದಳು. ಮಾತು ಕೊಟ್ಟೆ.

ಅಭ್ಯಾಸದ ಕೋಣೆಯಲ್ಲಿ ಮೊದಲ ಸಲ ಚಿಕ್ಕಪ್ಪ ಮೇಲಿನ ಕಂಟೇನರಿನ ಬಾಯಿಯ ಅಂಚಿಗೆ ಬಂದು ಬಗ್ಗಿ ನೋಡಿದ. ಕೆಂಪು ಹೊಗೆಯಲ್ಲಿ ಭಾವನ ಬೂಟು ಕಾಣುತ್ತಿತ್ತು. ಮಾಸ್ಕ್ ಕೈಚಾಚುವಷ್ಟು ದೂರದಲ್ಲಿತ್ತು. ಅವನು ಬರೀ ಮುಖದಲ್ಲೇ ಏಣಿ ಇಳಿದು ಭಾವನನ್ನು ತಬ್ಬಿಕೊಂಡು ಕೂತ. ಮೇಷ್ಟ್ರು ಯಂತ್ರ ನಿಲ್ಲಿಸಿದರು.

"ನೀವೂ ಹೋದ್ರಿ" ಎಂದರು ಮೆಲ್ಲಗೆ.

"ಗೊತ್ತು" ಎಂದ ಚಿಕ್ಕಪ್ಪ.

ಹೊರಗೆ ಕಟ್ಟೆಯ ಮೇಲೆ ಕೂತಾಗ ಕೇಳಿದೆ, "ಯಾಕೆ ಚಿಕ್ಕಪ್ಪ? ಎಲ್ಲ ಬರುತ್ತಲ್ಲ ನಿಂಗೆ?"

"ಕರೆದ ಕಣೇ ಪುಟ್ಟಿ."

"ಯಾರು?"

"ಇನ್ಯಾರು? ಲೇ ಕುಳ್ಳಾ, ಇಲ್ಲೇ ಇದ್ದೀನಿ ಬಾರೋ ಅಂದ. ಒಂದ್ಸಲ ತಿರುಗಿಕೊಂಡು ಹೋದೆನಲ್ಲ, ಇನ್ನೊಂದ್ಸಲ ಹೋಗು ಅಂತೀಯಾ?"

ಕೆಳಗೆ ಒಂದು ಸ್ಪೀಕರ್ ಇದೆ, ಅದರಲ್ಲಿ ನಾವು ಸೈರನ್ ಹಾಕುತ್ತೇವೆ. ಅದು ಆಗ ಬಂದ್ ಆಗಿತ್ತು. ನಾನೇ ಬಂದ್ ಮಾಡಿದ್ದೆ.

ಎರಡನೇ ಸಲಕ್ಕೆ ನಾನು ಭಾವನನ್ನು ಬೋರಲು ಮಲಗಿಸಿ ಬಂದೆ. ಮುಖ ಕಾಣದಿದ್ದರೆ ಚಿಕ್ಕಪ್ಪನಿಗೆ ಸುಲಭವಾದೀತು ಅನ್ನಿಸಿತ್ತು. ಮುಖವೆಂದರೆ ಏನು, ಹೊಲಿಗೆ ಹಾಕಿದ ಬಿಳಿ ಬಟ್ಟೆ. ಈ ಸಲವೂ ಅವನು ಹಾಗೆಯೇ ಇಳಿದುಬಿಟ್ಟ. ಹೊಗೆ ಕರಗಿದ ಮೇಲೆ ನೋಡಿದರೆ ಭಾವ ಅಂಗಾತ ಮಲಗಿ ಏಣಿಯತ್ತ ಮುಖ ಮಾಡಿದ್ದ.

"ನೀನು ಹೊರಳಿಸಿದೆಯಾ ಚಿಕ್ಕಪ್ಪ?"

"ನಾನು ಮುಟ್ಟಿದಾಗ ಹೀಗೇ ಇದ್ದ."

"ಒಳಗೆ ಮರಳು ಸರಿದಿರುತ್ತೆ ಬಿಡಮ್ಮಾ" ಎಂದರು ಮೇಷ್ಟ್ರು. ಆದರೆ ಭಾವನನ್ನು ಎತ್ತುವಾಗ ಅವರು ಯಾವಾಗಲೂ ಹಿಡಿಯುವ ತಲೆಯ ಕಡೆ ಬಿಟ್ಟು ಕಾಲಿನ ಕಡೆ ಹೋದರು.

ಚಿಕ್ಕಪ್ಪ ಕೈ ಒರೆಸಿಕೊಂಡು ಎದ್ದ. "ಬಿಡಿ ಮೇಷ್ಟ್ರೇ. ಊರಾಚೆ ಇನ್ನೊಂದು ಕೇಂದ್ರ ಇದೆ. ಅಲ್ಲಿ ಹೆಸರು ಹೇಳಿ ಕೂತರೆ ಸಾಕು, ಪಾಸ್. ನಾಳೆ ಅಲ್ಲಿಗೆ ಹೋಗ್ತೀನಿ." ಅವನು ಸುಳ್ಳು ಹೇಳುತ್ತಿರಲಿಲ್ಲ. ಅಂಥ ಕಡೆ ಹೋಗಿ ಬಂದವರನ್ನು ನಾವು ನೋಡಿದ್ದೆವು. ನಾವು ಫೇಲ್ ಮಾಡಿದರೂ ಅವನು ಆ ಗುಂಡಿಯ ಅಂಚಿಗೆ ಹೋಗಿ ನಿಲ್ಲುವುದು ಖಂಡಿತ. ಅಲ್ಲಿ ಸುಟ್ಟ ಸಕ್ಕರೆಯ ಹೊಗೆ ಇರುವುದಿಲ್ಲ.

ಭಾವ ಅಂಗಳದ ನಡುವೆ ಬಿದ್ದಿದ್ದ, ಕಲಿಯುವವರು ಅವನನ್ನು ದಾಟಿಕೊಂಡು ಚಹಾಕ್ಕೆ ಹೋಗುತ್ತಿದ್ದರು. ಅವನನ್ನು ನೋಡುತ್ತ ನನಗೆ ಒಂದು ಯೋಚನೆ ಬಂತು. ಬಿದ್ದವನ ಜಾಗದಲ್ಲಿ ಮಲಗಿ ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

"ಚಿಕ್ಕಪ್ಪ, ಹೋಗೋ ಮುಂಚೆ ಒಂದು ಕೆಲಸ ಮಾಡಿಕೊಡು. ಈ ಸಲ ನೀನು ಬೀಳು. ನಾನು ಬರ್ತೀನಿ."

"ಹುಚ್ಚು ಹುಡುಗಿ. ನನ್ನ ಎತ್ತೋಕಾಗುತ್ತಾ ನಿಂಗೆ?"

"ಭಾವನಿಗಿಂತ ಹಗುರ ಇದ್ದೀಯ. ಈಚೆಗೆ ಊಟಾನೇ ಮಾಡ್ತಿಲ್ಲ ಅಂತ ಅಜ್ಜಿ ಹೇಳಿದ್ಲು. ಒಂದೇ ಷರತ್ತು, ಬಿದ್ದೋನು ಮಾತಾಡಬಾರದು."

ಮೇಷ್ಟ್ರು ಭಾವನನ್ನು ಎತ್ತಿ ಅಲ್ಲೇ ಕುರ್ಚಿಯ ಮೇಲೆ ಕೂರಿಸಿದರು. "ಇವತ್ತು ಭಾವನಿಗೆ ರಜೆ" ಎಂದು ಯಾರೋ ನಕ್ಕರು. ಕತ್ತು ವಾಲಿಸಿಕೊಂಡು ಅವನು ಬಾಗಿಲನ್ನೇ ನೋಡುತ್ತಿದ್ದ.

ಚಿಕ್ಕಪ್ಪ ಕೆಳಗಿಳಿದ. ಹೊಗೆ ತುಂಬಿತು. ನನ್ನ ಉಪಾಯ ಸರಳವಾಗಿತ್ತು. ಬೇಕೆಂದೇ ಮಾಸ್ಕ್ ಹಾಕದೆ ಅವನ ಕಣ್ಣೆದುರು ಇಳಿಯುವುದು. ತಾನು ಮಾಡುತ್ತಿರುವುದು ಹೇಗೆ ಕಾಣುತ್ತದೆಂದು ಅವನು ನೋಡಲಿ. ಮೇಷ್ಟ್ರಿಗೆ ಕಣ್ಸನ್ನೆ ಮಾಡಿ ಅಂಚಿಗೆ ಹೋಗಿ ಬಗ್ಗಿದೆ.

"ಪುಟ್ಟೀ."

ಚಿಕ್ಕಪ್ಪನ ದನಿ. ಕಷ್ಟದಲ್ಲಿದ್ದ ದನಿ.

"ಪುಟ್ಟೀ, ಉಸಿರು ಸಿಗ್ತಿಲ್ಲ ಕಣೇ. ಬೇಗ ಬಾ."

ನನ್ನ ಉಪಾಯ, ಪಾಠ ಎಲ್ಲ ಎಲ್ಲಿ ಹೋಯಿತೋ. ಈ ಹೊಗೆಯಿಂದ ಅಪಾಯವಿಲ್ಲ ಎಂಬುದೂ ಮರೆತುಹೋಯಿತು. ಕಾಲು ತಾನಾಗಿ ಏಣಿ ಹಿಡಿಯಿತು. ಅರ್ಧ ಇಳಿದಾಗ ಒಂದು ಸಂಗತಿ ಗಮನಕ್ಕೆ ಬಂತು. ಸುಟ್ಟ ಸಕ್ಕರೆಯ ವಾಸನೆ ಇರಲಿಲ್ಲ. ಹೊಗೆ ಮುಖಕ್ಕೇ ಬಡಿಯುತ್ತಿತ್ತು, ವಾಸನೆ ಮಾತ್ರ ಇಲ್ಲ. ಆದರೂ ಇಳಿದೆ. ದನಿ ಎಡಗಡೆಯ ಮೂಲೆಯಿಂದ ಬರುತ್ತಿತ್ತು, ಈಗ ಪಿಸುಗುಟ್ಟುವಷ್ಟು ಹತ್ತಿರ. ಅತ್ತ ಕೈ ಚಾಚಿದೆ.

"ಯಾರದು? ಪುಟ್ಟೀ?" ಬಲಗಡೆಯಿಂದ, ನನ್ನ ಬೆನ್ನ ಹಿಂದಿನಿಂದ, ಚಿಕ್ಕಪ್ಪ ಅಬ್ಬರಿಸಿದ. "ಮುಖದ ಮೇಲೆ ಏನೂ ಇಲ್ವಲ್ಲೇ! ಹೋಗೇ! ಹೊರಗೆ ಹೋಗೇ!"

ಅವನು ಎದ್ದು ಬಂದು ನನ್ನ ಭುಜ ಹಿಡಿದು ಏಣಿಯ ಕಡೆ ತಳ್ಳಿದ. ಆ ಕೈಗಳಲ್ಲಿ ನಾಟಕವಿರಲಿಲ್ಲ.

"ನೀನೂ ಬಂದು ಪಕ್ಕದಲ್ಲಿ ಬಿದ್ರೆ ನನಗೇನೇ ಸಿಗುತ್ತೆ? ನಾನೇನು ನಿನ್ನ ಜೊತೆಗೆ ಕರ್ಕೊಂಡು ಹೋಗೋಕೆ ಬಿದ್ದಿದ್ದೀನಾ? ಹೋಗು, ಹಾಕ್ಕೊಂಡು ಬಾ! ನಾನು ಕಾಯ್ತೀ..."

ಮಾತು ಅಲ್ಲೇ ನಿಂತಿತು. ಕೆಂಪು ಹೊಗೆಯಲ್ಲಿ ಅವನ ಬಾಯಿ ತೆರೆದೇ ಇತ್ತು. ತಾನು ಆಡಿದ್ದನ್ನು ಬೇರೆ ಯಾರೋ ಆಡಿದ ಹಾಗೆ ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಏಣಿಗೆ ಹಣೆ ಆನಿಸಿಕೊಂಡು ಅತ್ತ. ವರ್ಷದಿಂದ ಕಟ್ಟಿಕೊಂಡದ್ದು ಕಿತ್ತು ಬಂದಂಥ ಅಳು.

ಹೊರಗೆ ಬಂದೊಡನೆ ಕೇಳಿದೆ, "ನೀನ್ಯಾಕೆ ಕರೆದೆ ಮತ್ತೆ? ಮಾತಾಡಬಾರದು ಅಂದಿದ್ದೆನಲ್ಲ?"

"ನಾನೆಲ್ಲಿ ಕರೆದೆ? ನೀನು ಇಳಿಯೋವರೆಗೂ ತುಟಿ ಬಿಚ್ಚಿಲ್ಲ."

"ಉಸಿರು ಸಿಗ್ತಿಲ್ಲ, ಬೇಗ ಬಾ ಅಂದೆ."

ಅವನು ಮುಖ ಒರೆಸಿಕೊಂಡ. "ಪುಟ್ಟಿ, ಬಿದ್ದೋನಿಗೆ ಯಾರೂ ಬರೋದು ಬೇಡ ಅನ್ಸುತ್ತೆ. ಬರೀ ಮುಖದಲ್ಲಿ ಯಾರೂ ಬರಬಾರದು ಅನ್ಸುತ್ತೆ. ಈಗ ಗೊತ್ತಾಯ್ತು ನನಗೆ." ಕೋಣೆಯ ಕಡೆ ತಿರುಗಿ ಕೇಳಿದ, "ಹಾಗಾದ್ರೆ ಅಲ್ಲಿ ಬಾ ಬಾ ಅಂತಿರೋದು ಯಾರೇ?"

ಅವನೂ ಆ ಕಥೆ ಕೇಳಿ ಬೆಳೆದವನು, ಅದೇ ಅಜ್ಜಿಯ ಮಗ. ಅವಳು ಯಾರೆಂದು ಅವನಿಗೂ ಗೊತ್ತಿತ್ತು.

"ಭಾವನನ್ನ ಒಳಗೆ ಹಾಕಿ ಮೇಷ್ಟ್ರೇ" ಎಂದ. "ಇನ್ನೊಂದ್ಸಲ."

ಮೇಷ್ಟ್ರೂ ನಾನೂ ಸೇರಿ ಭಾವನನ್ನು ಕೆಳಗೆ ಮಲಗಿಸಿ ಬಂದೆವು. ಯಂತ್ರ ಗುರ್ರೆಂದಿತು. ಚಿಕ್ಕಪ್ಪ ಅಂಚಿಗೆ ಬಂದು ನಿಂತ. ನಾನು ಅವನಿಂದ ಒಂದು ಮಾರು ದೂರದಲ್ಲಿದ್ದೆ, ಮೇಷ್ಟ್ರು ಸ್ವಿಚ್ಚುಗಳ ಹತ್ತಿರ. ಹೊಗೆ ಮೇಲಕ್ಕೆ ಬಂದು ಅವನ ಬೂಟುಗಳನ್ನು ನೆಕ್ಕಿತು.

"ಕುಳ್ಳಾ."

ಈ ಸಲ ನನಗೂ ಕೇಳಿಸಿತು. ಮೇಷ್ಟ್ರ ಕೈ ಸ್ಪೀಕರಿನ ಸ್ವಿಚ್ಚಿಗೆ ಹೋಯಿತು. ಅದು ಬಂದ್ ಆಗಿಯೇ ಇತ್ತು. ಅವರು ಮತ್ತೊಮ್ಮೆ ಅದನ್ನು ಒತ್ತಿ ಹಿಡಿದರು.

"ಲೇ ಕುಳ್ಳಾ. ಬಾರೋ. ಈ ಸಲನೂ ಬಿಟ್ಟು ಹೋಗ್ತೀಯಾ?"

ಎಷ್ಟು ಸಲಿಗೆಯ ದನಿ! ನಮ್ಮ ಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ, ಊಟವಾಯ್ತಾ ಎಂದು ಕೇಳುತ್ತಿದ್ದ ದನಿ. ಚಿಕ್ಕಪ್ಪನ ಒಂದು ಕಾಲು ಏಣಿಯ ಮೊದಲ ಮೆಟ್ಟಿಲಿಗೆ ಹೋಯಿತು. ನಾನು ಬಾಯಿ ತೆರೆದೆ. ಮೇಷ್ಟ್ರು ತಲೆಯಾಡಿಸಿ ಬೇಡವೆಂದರು. ಇದನ್ನು ಹೇಳಿಕೊಟ್ಟು ಮಾಡಿಸುವಂತಿರಲಿಲ್ಲ.

"ನೀನು ಅವನಲ್ಲ" ಎಂದ ಚಿಕ್ಕಪ್ಪ ಆ ಹೊಗೆಗೆ, ಕೋಪವಿಲ್ಲದೆ. "ಅವನಾಗಿದ್ರೆ ಹೋಗು ಅಂತಿದ್ದ."

ಕಾಲನ್ನು ಮೇಲಕ್ಕೆಳೆದುಕೊಂಡ. ಕೆಳಗೆ ಏನೋ ಭಾರವಾದದ್ದು ಮಗ್ಗುಲಾದ ಸದ್ದಾಯಿತು. ಅವನು ಬಗ್ಗಿ ನೋಡಲಿಲ್ಲ. ಬೆನ್ನು ತಿರುಗಿಸಿದ. ಬಾಗಿಲಿನಾಚೆ ಕಂಬದ ತುದಿಯಲ್ಲಿದ್ದ, ಗಾಳಿಯ ದಿಕ್ಕು ತೋರುವ ಬಟ್ಟೆಯ ಚೀಲ ಗಾಳಿಗೆ ಎತ್ತ ಹಾರುತ್ತಿದೆ ಎಂದು ತಲೆಯೆತ್ತಿ ನೋಡಿದ. ಮೆಟ್ಟಿಲಿಳಿದು ಗಾಳಿ ಬರುವ ಕಡೆಗೆ ಮುಖ ಮಾಡಿ ನಡೆದ, ನಡೆಯುತ್ತಲೇ ಅಂಗಳದಲ್ಲಿದ್ದವರ ಚಹಾ ತುಳುಕುವ ಹಾಗೆ ಕೂಗಿದ:

"ಒಬ್ಬ ಬಿದ್ದಿದ್ದಾನೆ! ಒಬ್ಬ ಬಿದ್ದಿದ್ದಾನೆ! ಮಾಸ್ಕ್ ತನ್ನಿ!"